ಸರ್ಗೋಧಾದಿಂದ ಮರಳದ ಕೊಡಗಿನ ವೈಮಾನಿಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ

ಕೊಡವರ ಮನೆಯಲ್ಲಿ ಗಂಡುಮಗು ಜನಿಸಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವುದು ತಲೆತಲಾಂತರದಿಂದ ನಡೆದು ಬಂದ ಪದ್ಧತಿ. ಮನೆಗಳು ಒಂದಕ್ಕೊಂದು ಅಂಟಿಕೊಂಡಿರದೆ ಗದ್ದೆ, ತೋಟ, ಕಾಡುಗಳ ನಡುವೆ ಚದುರಿಕೊಂಡಿರುವ ನಾಡಿನಲ್ಲಿ ಸುದ್ದಿಯನ್ನು ಮುಟ್ಟಿಸಲು ಕೋವಿಯ ಸದ್ದಿಗಿಂತ ವೇಗದ ದೂತನಿರಲಿಲ್ಲ. ಎರಡು ಗುಂಡಿನ ಸದ್ದು ಕೇಳಿದೊಡನೆ ನೆರೆಹೊರೆಯವರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಸಾವಿನ ಮನೆಯತ್ತ ಹೊರಡುತ್ತಾರೆ. ಆದರೆ ಈ ಪದ್ಧತಿಗೆ ಒಂದು ನಿಶ್ಚಿತತೆ ಬೇಕು. ಸತ್ತಿರುವುದು ಖಚಿತವಾದಾಗ ಮಾತ್ರ ಆ ಕೋವಿ ಸದ್ದು ಮಾಡಬಲ್ಲದು.

1965ರ ಸೆಪ್ಟೆಂಬರ್ 7ರಂದು ಕೊಡಗಿನ ಒಬ್ಬ ಮಗ ಪಾಕಿಸ್ತಾನದ ಆಕಾಶದಲ್ಲಿ ಕಾಣೆಯಾದರು. ವಾಯುಪಡೆಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಬರೆಯಲಾದ ಶಬ್ದ ಅದೇ: ಕಾಣೆಯಾಗಿದ್ದಾರೆ. ಅವರು ಎಲ್ಲಿ ಬಿದ್ದರು, ಹೇಗೆ ಸತ್ತರು, ಸಾಯುವ ಮುನ್ನ ಏನು ಮಾಡಿದರು ಎಂಬುದನ್ನು ಹೇಳಬಲ್ಲವರು ಭಾರತದಲ್ಲಿ ಯಾರೂ ಇರಲಿಲ್ಲ. ಕಂಡವರೆಲ್ಲ ಗಡಿಯ ಆಚೆಗಿದ್ದರು. ಅವರ ಮಾತು ಇಲ್ಲಿಗೆ ಬಂದು ಮುಟ್ಟುವುದಕ್ಕೆ, ಮುಟ್ಟಿದ ಮೇಲೆ ಅದು ನಂಬಿಕೆಗೆ ಅರ್ಹವೆಂದು ತೀರ್ಮಾನವಾಗುವುದಕ್ಕೆ 23 ವರ್ಷಗಳು ಹಿಡಿದವು. ಯುದ್ಧಭೂಮಿಯ ಶೌರ್ಯಕ್ಕೆ ನೀಡಲಾಗುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ಬಳಿಕ ಬರುವ ಮಹಾವೀರ ಚಕ್ರ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ದೊರೆತದ್ದು 1988ರಲ್ಲಿ.

ವೈದ್ಯರ ಮಗ

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಬೋಪಯ್ಯನವರು ವೈದ್ಯರು. ಕೊಡವರಲ್ಲಿ ಮನೆತನದ, ಅಂದರೆ ಒಕ್ಕದ ಹೆಸರು ಮೊದಲು ಬರುತ್ತದೆ. ಸ್ವಂತ ಹೆಸರು ಕೊನೆಗೆ. ಅಜ್ಜಮಾಡ ಎಂಬುದು ಅವರ ಒಕ್ಕದ ಹೆಸರು. ಹೊರನಾಡಿಗೆ ಹೋದ ಕೊಡವರ ಒಕ್ಕದ ಹೆಸರು ಸಾಮಾನ್ಯವಾಗಿ ಒಂದು ಇಂಗ್ಲಿಷ್ ಅಕ್ಷರವಾಗಿ ಕುಗ್ಗಿ ಬಿಡುತ್ತದೆ. ವಾಯುಪಡೆಯ ಕಡತಗಳಲ್ಲಿ ಅವರು ಎ.ಬಿ. ದೇವಯ್ಯ ಆದರು. ಜೊತೆಗಾರ ವೈಮಾನಿಕರ ಬಾಯಲ್ಲಿ ಟಬ್ಬಿ ಎಂಬ ಸಲುಗೆಯ ಹೆಸರು ಉಳಿಯಿತು. ಗುಂಡುಗುಂಡಾಗಿರುವವರನ್ನು ಇಂಗ್ಲಿಷಿನಲ್ಲಿ ಪ್ರೀತಿಯಿಂದ ಕರೆಯುವ ಹೆಸರದು.

ಅವರು ಬೆಳೆದ ಕಾಲ ಕೊಡಗಿನ ಸೈನಿಕ ಹಿರಿಮೆಯ ಉತ್ತುಂಗದ ಕಾಲ. 1948ರ ನವೆಂಬರಿನಲ್ಲಿ ಜೊಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರವುಗೊಳಿಸಿದ ಕಾರ್ಯಾಚರಣೆಯ ಹಿಂದೆ ಇದ್ದವರು ಕೊಡಂದೇರ ತಿಮ್ಮಯ್ಯನವರು. ಮರುವರ್ಷ, 1949ರ ಜನವರಿ 15ರಂದು, ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆಗ ದೇವಯ್ಯನವರಿಗೆ 16 ವರ್ಷ. ಅಂಥ ದಿನಗಳಲ್ಲಿ ಕೊಡಗಿನ ಹುಡುಗನೊಬ್ಬ ಸೇನೆಗೆ ಸೇರಲು ಬಯಸಿದ್ದು ಆಶ್ಚರ್ಯವಲ್ಲ. ಆದರೆ ಸೇನೆಯೆಂದರೆ ಭೂಸೇನೆ ಎಂಬುದೇ ಈ ನಾಡಿನ ಹಳೆಯ ರೂಢಿ. ದೇವಯ್ಯನವರು ಆರಿಸಿಕೊಂಡದ್ದು ಆಕಾಶವನ್ನು.

1954ರ ಡಿಸೆಂಬರ್ 6ರಂದು ಅವರು ಭಾರತೀಯ ವಾಯುಪಡೆಯಲ್ಲಿ ಯುದ್ಧವಿಮಾನ ಚಾಲಕರಾಗಿ ಅಧಿಕಾರಿ ಪದವಿಗೆ ನೇಮಕಗೊಂಡರು. ಆ ದಿನ ಕೊಡಗು ಇನ್ನೂ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ ಪ್ರತ್ಯೇಕ ಪುಟ್ಟ ರಾಜ್ಯ. ಎರಡು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಅದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಕೊಡಗು ರಾಜ್ಯದಿಂದ ಹೊರಟ ಯುವಕ ಮೈಸೂರು ರಾಜ್ಯದ ಯೋಧನಾಗಿ ಮಡಿದರು. ಪದಕ ಬಂದಾಗ ಆ ರಾಜ್ಯ ಕರ್ನಾಟಕವಾಗಿ 15 ವರ್ಷ ಕಳೆದಿತ್ತು. ಊರು ಬಿಟ್ಟು ಹೋದವರ ಬದುಕಿನಲ್ಲಿ ಇಂಥವು ಸಾಮಾನ್ಯ. ಅವರು ಹೊರಟ ಊರು ಅವರಿಲ್ಲದಾಗಲೇ ಬೇರೆಯದಾಗಿ ಬಿಟ್ಟಿರುತ್ತದೆ.

ಮುಂದಿನ ಹತ್ತು ವರ್ಷಗಳು ವಾಯುನೆಲೆಗಳಲ್ಲಿ ಕಳೆದವು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಒಳ್ಳೆಯ ಚಾಲಕರೆಂಬ ಹೆಸರು ಬಂದವರನ್ನು ವಾಯುಪಡೆ ಶಿಕ್ಷಕರನ್ನಾಗಿ ಮಾಡುತ್ತದೆ. ದೇವಯ್ಯನವರೂ ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ತರಬೇತುದಾರರಾದರು. ಯುದ್ಧವಿಲ್ಲದಿದ್ದರೆ ಕಿರಿಯ ಚಾಲಕರಿಗೆ ಹಾರುವುದನ್ನು ಕಲಿಸುತ್ತ, ಪದೋನ್ನತಿ ಪಡೆಯುತ್ತ, ನಿವೃತ್ತರಾಗಿ ಅನೇಕ ಕೊಡವ ಅಧಿಕಾರಿಗಳಂತೆ ಕಾಫಿ ತೋಟದ ನಡುವಿನ ಮನೆಗೆ ಮರಳುತ್ತಿದ್ದರೇನೋ. 1965ರಲ್ಲಿ ಯುದ್ಧ ಬಂತು. ಸ್ಕ್ವಾಡ್ರನ್ ಲೀಡರ್, ಅಂದರೆ ಭೂಸೇನೆಯ ಮೇಜರ್‌ಗೆ ಸಮನಾದ ಹುದ್ದೆಯಲ್ಲಿದ್ದ ಅವರನ್ನು ಪಂಜಾಬಿನ ಆದಂಪುರದಲ್ಲಿ ಬೀಡುಬಿಟ್ಟಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು.

ಈ ಸ್ಕ್ವಾಡ್ರನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಟೈಗರ್ಸ್ ಎಂಬ ಹೆಸರಿನ ಇದು ಭಾರತೀಯ ವಾಯುಪಡೆಯ ಮೊಟ್ಟಮೊದಲ ತುಕಡಿ. 1933ರ ಏಪ್ರಿಲ್ 1ರಂದು, ದೇವಯ್ಯನವರು ಮೂರು ತಿಂಗಳ ಕೂಸಾಗಿದ್ದಾಗ, ಕರಾಚಿಯ ಡ್ರಿಗ್ ರೋಡ್ ವಾಯುನೆಲೆಯಲ್ಲಿ ನಾಲ್ಕು ವಾಪಿತಿ ವಿಮಾನಗಳೊಂದಿಗೆ ಅದು ಹುಟ್ಟಿತು. ದೇಶ ಒಡೆದ ಮೇಲೆ ಅದರ ತವರು ಪರದೇಶವಾಯಿತು. 1965ರಲ್ಲಿ ಅದೇ ತುಕಡಿಗೆ ಆ ದೇಶದ ಅತಿ ಬಲಿಷ್ಠ ವಾಯುನೆಲೆಯ ಮೇಲೆ ಎರಗುವ ಕೆಲಸ ಬಂತು.

ಆದಂಪುರದ ರಾತ್ರಿ

1965ರ ಆಗಸ್ಟಿನಲ್ಲಿ ಕಾಶ್ಮೀರದೊಳಕ್ಕೆ ಪಾಕಿಸ್ತಾನ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಅದರ ಟ್ಯಾಂಕುಗಳು ಮುನ್ನುಗ್ಗಿದವು. 6ರಂದು ಭಾರತೀಯ ಸೇನೆ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರಿನ ಕಡೆಗೆ ನಡೆಯಿತು. ಅಂದು ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣಕೋಟ್ ವಾಯುನೆಲೆಯ ಮೇಲೆ ಎರಗಿ, ಆಗಷ್ಟೇ ಬಂದಿದ್ದ ಎರಡು ಮಿಗ್-21 ಸೇರಿದಂತೆ ಸುಮಾರು 10 ವಿಮಾನಗಳನ್ನು ನೆಲದ ಮೇಲೆಯೇ ಸುಟ್ಟುಹಾಕಿದವು. ಹಲ್ವಾರಾದ ಮೇಲೆ ಆಕಾಶದಲ್ಲಿ ಕಾಳಗವಾಯಿತು. ಕತ್ತಲಾದ ಮೇಲೆ ಪಠಾಣಕೋಟ್, ಹಲ್ವಾರಾ, ಆದಂಪುರ ಈ ಮೂರು ನೆಲೆಗಳ ಸುತ್ತ ಪಾಕಿಸ್ತಾನದ ಕಮಾಂಡೋಗಳು ಪ್ಯಾರಾಚೂಟಿನಲ್ಲಿ ಇಳಿದರು. ಅವರಲ್ಲಿ ಬಹುತೇಕರನ್ನು ಸೈನಿಕರೂ ಹಳ್ಳಿಗರೂ ಕೂಡಿ ಹಿಡಿದುಹಾಕಿದರೆಂಬುದು ಆಮೇಲಿನ ಮಾತು. ಆ ರಾತ್ರಿಯಂತೂ ಕಬ್ಬಿನ ಗದ್ದೆಗಳಲ್ಲಿ ಯಾರು ಅಡಗಿದ್ದಾರೋ ಎಂಬ ಆತಂಕವೇ ಎಲ್ಲೆಡೆ.

ಈ ಆತಂಕದ ನಡುವೆಯೇ ಒಂದನೆಯ ಸ್ಕ್ವಾಡ್ರನ್ ಮುಂಜಾನೆಯ ದಾಳಿಗೆ ಸಿದ್ಧವಾಗಬೇಕಿತ್ತು. ಗುರಿ ಸರ್ಗೋಧಾ. ಆದಂಪುರದಿಂದ ನೇರ ರೇಖೆಯಲ್ಲಿ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಈ ನೆಲೆ ಪಾಕಿಸ್ತಾನಿ ವಾಯುಪಡೆಯ ಹೃದಯವೆಂದು ಹೆಸರಾಗಿತ್ತು. ವಿಮಾನಭೇದಿ ತೋಪುಗಳ ಕಾವಲು ಅಲ್ಲಿ ಅತಿ ದಟ್ಟ. ತುಕಡಿಯ ನಾಯಕರಾಗಿದ್ದ ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ ಅವರೇ ದಾಳಿಯ ಮುಂದಾಳು. ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ ಒಟ್ಟು 12 ಮಿಸ್ಟೇರ್ ವಿಮಾನಗಳು ಹೋಗುವುದೆಂದು ನಿಶ್ಚಯವಾಯಿತು.

ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಲು ಮೀಸಲಾಗಿ ನಿಂತವರಲ್ಲಿ ಅವರಿದ್ದರು. ಮೀಸಲು ಚಾಲಕನ ಕೆಲಸವೆಂದರೆ ಎಲ್ಲರಂತೆ ಸಿದ್ಧನಾಗಿ, ವಿಮಾನದಲ್ಲಿ ಕುಳಿತು, ಕೊನೆಗೆ ಅಗತ್ಯ ಬೀಳದಿದ್ದರೆ ಸುಮ್ಮನೆ ಇಳಿದು ಬರುವುದು. ಹೆಚ್ಚಿನ ಸಲ ಹಾಗೆಯೇ ಆಗುತ್ತದೆ. ಸೆಪ್ಟೆಂಬರ್ 7ರ ನಸುಕಿನಲ್ಲಿ ಹಾಗಾಗಲಿಲ್ಲ. ಹೊರಟ ವಿಮಾನಗಳಲ್ಲೊಂದು ಹಿಂದೆ ಉಳಿಯಿತು. ದೇವಯ್ಯನವರು ಮೇಲೇರಿ ಅದರ ಜಾಗದಲ್ಲಿ ದಾಳಿಗೆ ಸೇರಿಕೊಂಡರು.

ಮಿಸ್ಟೇರ್ ಮತ್ತು ಸ್ಟಾರ್‌ಫೈಟರ್

ಅಂದು ನಡೆದದ್ದರ ತೂಕ ತಿಳಿಯಬೇಕಾದರೆ ಎರಡು ವಿಮಾನಗಳ ಅಂತರವನ್ನು ತಿಳಿಯಬೇಕು.

ಮಿಸ್ಟೇರ್ ಫ್ರಾನ್ಸಿನ ದಸ್ಸೋ ಕಂಪೆನಿಯದು. 1957ರಿಂದ ಭಾರತ ಇಂಥ ನೂರಕ್ಕೂ ಹೆಚ್ಚು ವಿಮಾನಗಳನ್ನು ತರಿಸಿಕೊಂಡಿತ್ತು. ಒಂದೇ ಎಂಜಿನ್, ಎರಡು 30 ಮಿಲಿಮೀಟರ್ ತೋಪುಗಳು. ನೆಲದ ಗುರಿಗಳ ಮೇಲೆ ದಾಳಿ ಮಾಡಲು ಗಟ್ಟಿಮುಟ್ಟಾದ ವಿಮಾನ. ಆದರೆ ಸಮತಲದಲ್ಲಿ ಹಾರುವಾಗ ಅದು ಶಬ್ದದ ವೇಗವನ್ನು ದಾಟಲಾರದು. ಕೆಳಮುಖವಾಗಿ ಧುಮುಕಿದಾಗಲಷ್ಟೇ ಅದು ಸಾಧ್ಯ. ಎದುರಾಳಿಯ ಮೇಲೆ ಬಿಡಲು ಕ್ಷಿಪಣಿಗಳಿರಲಿಲ್ಲ.

ಎಫ್-104 ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್ ಕಂಪೆನಿಯದು. ಶಬ್ದದ ಎರಡು ಪಟ್ಟು ವೇಗ, ಶಾಖವನ್ನು ಹಿಂಬಾಲಿಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ, ಕ್ಷಣಾರ್ಧದಲ್ಲಿ ನೂರಾರು ಗುಂಡು ಸುರಿಸುವ 20 ಮಿಲಿಮೀಟರಿನ ಸುತ್ತುತೋಪು. ಈಟಿಯ ಮೊನೆಯಂಥ ಉದ್ದನೆಯ ದೇಹಕ್ಕೆ ಮೊಟಕು ರೆಕ್ಕೆಗಳು. ಪಾಕಿಸ್ತಾನಕ್ಕೆ ದೊರೆತದ್ದು ಬರೀ ಹನ್ನೆರಡಾದರೂ ಅವುಗಳ ಹೆಸರೇ ಒಂದು ಅಸ್ತ್ರವಾಗಿತ್ತು. ಅದನ್ನು ಸರಿಗಟ್ಟಬಲ್ಲ ವಿಮಾನಗಳು ಭಾರತದಲ್ಲಿ ಬೆರಳೆಣಿಕೆಯ ಮಿಗ್-21 ಮಾತ್ರ. ಅವುಗಳಲ್ಲಿ ಎರಡು ಹಿಂದಿನ ಸಂಜೆಯಷ್ಟೇ ಪಠಾಣಕೋಟಿನಲ್ಲಿ ಬೂದಿಯಾಗಿದ್ದವು.

ಆದರೆ ಆ ಮೊಟಕು ರೆಕ್ಕೆಗಳೇ ಸ್ಟಾರ್‌ಫೈಟರಿನ ದೌರ್ಬಲ್ಯ. ನೇರ ಓಟದಲ್ಲಿ ಅದನ್ನು ಮೀರಿಸುವವರಿಲ್ಲ. ತಿರುವಿನಲ್ಲಿ ಅದು ಬಡ. ನೆಲಕ್ಕೆ ಹತ್ತಿರದಲ್ಲಿ, ಕಡಿಮೆ ವೇಗದಲ್ಲಿ, ಸುತ್ತಿ ಸುತ್ತಿ ಕಾದಾಡುವ ಪ್ರಸಂಗ ಬಂದರೆ ಹಳೆಯ ಮಿಸ್ಟೇರಿಗೂ ಒಂದು ಅವಕಾಶವಿತ್ತು. ಅದನ್ನು ಬಳಸಿಕೊಳ್ಳುವ ಚಾಲಕನಿಗೆ ಮಾತ್ರ ಅದರ ಬೆಲೆ ಗೊತ್ತಿರಬೇಕಿತ್ತು. ಆದಂಪುರದಿಂದ ಸರ್ಗೋಧಾಕ್ಕೆ ಹೋಗಿ ಬರಲು ಬೇಕಾದಷ್ಟು ಇಂಧನವೇ ಬಿಗಿ ಲೆಕ್ಕದ್ದು. ದಾರಿಯಲ್ಲಿ ಕಾಳಗಕ್ಕೆ ನಿಂತರೆ ಮನೆಗೆ ಮರಳುವ ಇಂಧನವನ್ನು ಸುಡುತ್ತಿದ್ದೇನೆಂಬುದು ದಾಳಿಗೆ ಹೊರಟ ಪ್ರತಿಯೊಬ್ಬರಿಗೂ ತಿಳಿದ ವಿಷಯ. ದೇವಯ್ಯನವರೋ ಇತರರಿಗೆ ಹಾರುವುದನ್ನು ಕಲಿಸಿದ ಮೇಷ್ಟ್ರು. ಅವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕತ್ತಲು ಪೂರ್ತಿ ಕಳೆಯುವ ಮುನ್ನ ಮಿಸ್ಟೇರುಗಳು ರೇಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ತಾಗಿದಂತೆ ಹಾರಿ ಗಡಿ ದಾಟಿದವು. ಸರ್ಗೋಧಾದ ಮೇಲೆ ದಾಳಿ ನಡೆಯಿತು. ಕೆಲವು ನಿಮಿಷಗಳ ಆ ಗದ್ದಲದ ಬಳಿಕ ವಿಮಾನಗಳು ಪೂರ್ವಕ್ಕೆ ತಿರುಗಿ ಹಿಮ್ಮರಳಲಾರಂಭಿಸಿದವು. ಆ ವೇಳೆಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಚಾಲಕ ಸ್ಟಾರ್‌ಫೈಟರಿನಲ್ಲಿ ಆಕಾಶ ಕಾಯುತ್ತಿದ್ದರು. ಮರಳುತ್ತಿದ್ದ ಮಿಸ್ಟೇರುಗಳನ್ನು ತಡೆಯಲು ಅವರಿಗೆ ಆಜ್ಞೆ ಬಂತು. ಅವರ ಮುಂದೆ ಸಿಕ್ಕಿದ್ದು ದೇವಯ್ಯನವರ ವಿಮಾನ.

ಅಮ್ಜದ್ ಹಾರಿಸಿದ ಕ್ಷಿಪಣಿ ಗುರಿ ತಪ್ಪಿತು. ಬಳಿಕ ತೋಪಿನಿಂದ ಹೊಡೆದರು, ಅದು ತಗುಲಿತು. ಗಾಯಗೊಂಡ ಮಿಸ್ಟೇರಿನ ಕಥೆ ಮುಗಿಯಿತೆಂದು ಭಾವಿಸಿ ಅವರು ಉಳಿದ ವಿಮಾನಗಳ ಕಡೆ ಗಮನ ಹರಿಸಿದರು. ಆದರೆ ಏಟು ತಿಂದ ಮಿಸ್ಟೇರ್ ಬೀಳಲಿಲ್ಲ, ಗಡಿಯತ್ತ ಓಡಲೂ ಇಲ್ಲ. ಅದು ತಿರುಗಿ ನಿಂತು ಸ್ಟಾರ್‌ಫೈಟರಿನೊಂದಿಗೆ ಕಾದಾಟಕ್ಕಿಳಿಯಿತು. ಕೆಳ ಎತ್ತರದ ಆ ಸುತ್ತಾಟದಲ್ಲಿ ದೇವಯ್ಯನವರ ತೋಪುಗಳು ಎದುರಾಳಿಯನ್ನು ಮುಟ್ಟಿದವು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ನೆಲಕ್ಕೆ ಅತಿ ಸಮೀಪದಲ್ಲಿ ವಿಮಾನದಿಂದ ಹೊರಜಿಗಿದು ಪ್ಯಾರಾಚೂಟಿನ ನೆರವಿನಿಂದ ಬದುಕಿಕೊಂಡರು. ದೇವಯ್ಯನವರು ಬದುಕಲಿಲ್ಲ. ಅವರಿಗೆ 32 ವರ್ಷ.

ಆ ಯುದ್ಧದಲ್ಲಿ ಪಾಕಿಸ್ತಾನ ಆಕಾಶದ ಕಾಳಗದಲ್ಲಿ ಕಳೆದುಕೊಂಡ ಸ್ಟಾರ್‌ಫೈಟರ್ ಅದೊಂದೇ.

ಮೌನದ ವರ್ಷಗಳು

ಆದಂಪುರಕ್ಕೆ ಮರಳಿದವರಿಗೆ ಇದೊಂದೂ ಗೊತ್ತಿರಲಿಲ್ಲ. ಮುಂಜಾನೆಯ ಆ ದಾಳಿಯಿಂದ ಹಿಂದಿರುಗದ ವಿಮಾನ ದೇವಯ್ಯನವರದು ಮಾತ್ರ. ಅಂದು ಹಗಲಿಡೀ ಸರ್ಗೋಧಾದ ಮೇಲೆ ಒಂದರ ಹಿಂದೊಂದು ದಾಳಿಗಳು ನಡೆದು, ಬೇರೆ ನೆಲೆಗಳಿಂದ ಹೋದ ಹಂಟರ್ ವಿಮಾನಗಳೂ ಬಿದ್ದವು. ಒಬ್ಬ ಚಾಲಕನ ಕಣ್ಮರೆಯನ್ನು ನಿಂತು ವಿಚಾರಿಸುವ ಬಿಡುವು ಯಾರಿಗೂ ಇರಲಿಲ್ಲ. ಸೆಪ್ಟೆಂಬರ್ 23ಕ್ಕೆ ಕದನವಿರಾಮವಾಯಿತು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಸೆರೆಯಾಳುಗಳು ಮರಳಿ ಬಂದರು. ಬಂದವರಲ್ಲಿ ದೇವಯ್ಯನವರಿರಲಿಲ್ಲ.

ಆ ಯುದ್ಧದ ಕೊನೆಯ ದಿನಗಳಲ್ಲಿ, ಸೆಪ್ಟೆಂಬರ್ 22ರಂದು, ಕೊಡಗಿನ ಇನ್ನೊಬ್ಬ ವೈಮಾನಿಕರ ಹಂಟರ್ ವಿಮಾನವೂ ಪಾಕಿಸ್ತಾನದ ನೆಲದಲ್ಲಿ ಬಿದ್ದಿತ್ತು. ಅವರು ಜನರಲ್ ಕಾರ್ಯಪ್ಪನವರ ಪುತ್ರ, ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ. ಅವರು ಜೀವಂತವಾಗಿ ಸೆರೆಸಿಕ್ಕರು. ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರೊಂದಿಗೆ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಡುಗಡೆ ಮಾಡುವುದಾಗಿ ಅವರು ತಿಳಿಸಿದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗಾಗಿ ವಿಶೇಷ ಉಪಕಾರ ಬೇಡವೆಂದು ಕಾರ್ಯಪ್ಪನವರು ನಿರಾಕರಿಸಿದ ಪ್ರಸಂಗ ಕೊಡಗಿನ ಮನೆಮನೆಯಲ್ಲೂ ಪ್ರಚಲಿತ. 1966ರ ಜನವರಿಯಲ್ಲಿ ನಂದಾ ಕಾರ್ಯಪ್ಪನವರು ಮರಳಿದರು. ಇದರ ನಡುವೆ, 1965ರ ಡಿಸೆಂಬರ್ 18ರಂದು, ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದ ಜನರಲ್ ತಿಮ್ಮಯ್ಯನವರು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಹೀಗೆ ಐದು ತಿಂಗಳೊಳಗೆ ಈ ಪುಟ್ಟ ನಾಡಿನ ಮೂವರು ಪರದೇಶದ ನೆಲದಲ್ಲಿ ಮೂರು ಬಗೆಯ ಗತಿ ಕಂಡರು. ಒಬ್ಬರು ಸೆರೆಯಿಂದ ಮರಳಿದರು. ಒಬ್ಬರು ಸಕಲ ಗೌರವಗಳೊಂದಿಗೆ ತಾಯ್ನಾಡಿಗೆ ಬಂದು ಮಣ್ಣಾದರು. ಮೂರನೆಯವರ ಬಗ್ಗೆ ಒಂದು ಸಾಲಿನ ಸುದ್ದಿಯೂ ಇಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ಕಥೆಗಳನ್ನು ಮಕ್ಕಳಿಗೆ ಹೇಳುತ್ತ ಬಂದ ನಾವು ದೇವಯ್ಯನವರ ಹೆಸರನ್ನು ಅಷ್ಟಾಗಿ ಹೇಳದೆ ಹೋದದ್ದಕ್ಕೆ ಉದಾಸೀನವೊಂದೇ ಕಾರಣವೆನ್ನಲಾಗದು. ಹೇಳಲು ಕಥೆಯೇ ಇರಲಿಲ್ಲ. ಹೋದರು, ಬರಲಿಲ್ಲ, ಅಷ್ಟೇ.

ಕಾಣೆಯಾದವನ ಕುಟುಂಬದ ಸ್ಥಿತಿ ಸತ್ತವನ ಕುಟುಂಬದ್ದಕ್ಕಿಂತ ಬೇರೆ. ಹಳೆಯ ಭಾರತೀಯ ಸಾಕ್ಷ್ಯ ಕಾಯಿದೆಯ ಪ್ರಕಾರ, ಏಳು ವರ್ಷ ಸುಳಿವಿಲ್ಲದವನು ಬದುಕಿದ್ದಾನೆಂದು ಯಾರಾದರೂ ವಾದಿಸಿದರೆ ಅದನ್ನು ರುಜುವಾತುಪಡಿಸುವ ಹೊಣೆ ವಾದಿಸುವವನದೇ. ಕಾಗದದ ಮಟ್ಟಿಗೆ ಇದು ಸರಿ. ಮನಸ್ಸು ಕಾಯಿದೆಯ ಗಡುವಿಗೆ ಬಗ್ಗುವುದಿಲ್ಲ. ಶವವಿಲ್ಲ, ಸಾಕ್ಷಿಯಿಲ್ಲ, ಶತ್ರುದೇಶದ ಜೈಲುಗಳಲ್ಲಿ ಹೆಸರು ಬರೆಸದ ಸೆರೆಯಾಳುಗಳಿದ್ದಾರೆಂಬ ಮಾತುಗಳು ಆಗಲೂ ಇದ್ದವು, ಈಗಲೂ ಇವೆ. ಚಿಕ್ಕ ವಯಸ್ಸಿನ ಪತ್ನಿಯೂ ಎಳೆಯ ಮಕ್ಕಳೂ ಈ ಅನಿಶ್ಚಿತತೆಯೊಂದಿಗೇ ವರ್ಷಗಳನ್ನು ಕಳೆಯಬೇಕಾಯಿತು.

ಈ ನಡುವೆ ಒಂದು ವಿಚಿತ್ರ ಸಂಗತಿ ನಡೆಯಿತು. ದೇವಯ್ಯನವರ ಕೊನೆಯ ಕ್ಷಣಗಳನ್ನು ಕಣ್ಣಾರೆ ಕಂಡ ವ್ಯಕ್ತಿ ಭಾರತದ ವಶಕ್ಕೇ ಬಂದರು. 1971ರ ಯುದ್ಧದಲ್ಲಿ ಅಮ್ಜದ್ ಹುಸೇನ್ ಮತ್ತೆ ಸ್ಟಾರ್‌ಫೈಟರ್ ಹಾರಿಸುತ್ತಿದ್ದರು, ಆ ವೇಳೆಗೆ ಅವರೂ ಸ್ಕ್ವಾಡ್ರನ್ ಲೀಡರ್. ಡಿಸೆಂಬರ್ 5ರಂದು ಅಮೃತಸರದ ರೇಡಾರ್ ಕೇಂದ್ರದ ಮೇಲೆ ಎರಗಿದಾಗ ನೆಲದಿಂದ ಹಾರಿದ ಗುಂಡಿಗೆ ಅವರ ವಿಮಾನ ಬಿತ್ತು. ಎರಡನೆಯ ಬಾರಿಯೂ ಹೊರಜಿಗಿದು ಬದುಕಿದ ಅವರು ಭಾರತದ ಯುದ್ಧಕೈದಿಯಾಗಿ ಇದ್ದು ಆಮೇಲೆ ತಮ್ಮ ದೇಶಕ್ಕೆ ಮರಳಿದರು. ದೇವಯ್ಯನವರ ಕಡತ ಆಗಲೂ ಮೊದಲಿನಂತೆಯೇ ಉಳಿಯಿತು.

ಶತ್ರುವಿನ ಸಾಕ್ಷ್ಯ

ತೆರೆ ಸರಿದದ್ದು 1979ರಲ್ಲಿ. ವಿಮಾನಯಾನದ ಬಗ್ಗೆ ಬರೆಯುತ್ತಿದ್ದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಕುರಿತು ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪಾಕಿಸ್ತಾನಿ ವಾಯುಪಡೆಯ ಸಹಕಾರದಿಂದ, ಅದರ ದಾಖಲೆಗಳನ್ನೂ ಚಾಲಕರ ಹೇಳಿಕೆಗಳನ್ನೂ ಆಧರಿಸಿ ಬರೆದ ಪುಸ್ತಕವದು. ಸ್ವಾಭಾವಿಕವಾಗಿಯೇ ಅದರ ಒಲವು ಆ ದೇಶದ ಕಡೆಗಿದೆ, ಅದರ ಅನೇಕ ಲೆಕ್ಕಗಳನ್ನು ಭಾರತೀಯರು ಒಪ್ಪುವುದಿಲ್ಲ. ಹಾಗಿದ್ದೂ ಸೆಪ್ಟೆಂಬರ್ 7ರ ಮುಂಜಾನೆ ಸ್ಟಾರ್‌ಫೈಟರ್ ಒಂದನ್ನು ಏಟು ತಿಂದ ಭಾರತೀಯ ಮಿಸ್ಟೇರ್ ಕಾದಾಡಿ ಕೆಡವಿತೆಂಬ ಸಂಗತಿಯನ್ನು ಅದು ಮರೆಮಾಚಲಿಲ್ಲ. ಕ್ಷೀಣ ವಿಮಾನದಿಂದ ಬಲಾಢ್ಯ ವಿಮಾನ ಬಿದ್ದುದನ್ನು ಒಪ್ಪಿಕೊಳ್ಳುವುದು ಯಾವ ವಾಯುಪಡೆಗೂ ಸುಲಭದ ಮಾತಲ್ಲ. ಆ ಪ್ರಾಮಾಣಿಕತೆಗೆ ನಾವು ಋಣಿಗಳೆಂದು ಹೇಳಲು ಹಿಂಜರಿಯಬೇಕಿಲ್ಲ.

ಆ ಮಿಸ್ಟೇರಿನ ಚಾಲಕ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಾಗಲಿಲ್ಲ. ಆ ದಾಳಿಗೆ ಹೋದ ಉಳಿದವರೆಲ್ಲರೂ ಮರಳಿದ್ದರು. ಅವರಲ್ಲಿ ಯಾರೂ ಸ್ಟಾರ್‌ಫೈಟರ್ ಕೆಡವಿದ್ದಾಗಿ ಹೇಳಿರಲಿಲ್ಲ. ಉಳಿದದ್ದು ಒಂದೇ ಹೆಸರು. ವಾಯುಪಡೆಯ ಏರ್ ಕಮೋಡೋರ್ ಪ್ರೀತಂ ಸಿಂಗ್ ಅವರು ಈ ವಿಷಯವನ್ನು ಪರಿಶೀಲಿಸಿ, ಅದು ದೇವಯ್ಯನವರಲ್ಲದೆ ಬೇರಾರೂ ಅಲ್ಲವೆಂದು ಖಚಿತಪಡಿಸಿದರು. ಆದರೆ ಖಚಿತವಾದದ್ದು ಪದಕವಾಗಲು ಸರಕಾರದಲ್ಲಿ ಬಹಳ ಮೆಟ್ಟಿಲು ಹತ್ತಬೇಕು. ಶೌರ್ಯ ಪ್ರಶಸ್ತಿಯ ಕ್ರಮವೇ ಹಾಗೆ. ಮೇಲಧಿಕಾರಿಯ ಶಿಫಾರಸು ಬೇಕು, ಕಂಡವರ ಹೇಳಿಕೆ ಬೇಕು, ಅದೂ ಕಾಲಮಿತಿಯೊಳಗೆ. ಒಂಟಿಯಾಗಿ ಕಾದಾಡಿ ಒಂಟಿಯಾಗಿ ಮಡಿದವನಿಗೆ ಈ ಕ್ರಮದಲ್ಲಿ ಜಾಗವಿಲ್ಲ. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಕಳೆಯಿತು.

1988ರಲ್ಲಿ ಮಹಾವೀರ ಚಕ್ರ ಪ್ರದಾನವಾಯಿತು. ಪದಕವನ್ನು ಸ್ವೀಕರಿಸಿದವರು ದೇವಯ್ಯನವರ ಪತ್ನಿ. ಗಂಡ ಹೊರಟು ಹೋದಾಗ ಎಳೆಯರಾಗಿದ್ದ ಮಕ್ಕಳು ಆ ವೇಳೆಗೆ ಬೆಳೆದು ದೊಡ್ಡವರಾಗಿದ್ದರು. 1965ರ ಯುದ್ಧದ ಪದಕಗಳನ್ನು ಪಡೆದ ಇತರರಲ್ಲಿ ಅನೇಕರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಪಾಕಿಸ್ತಾನವೋ ಅಮ್ಜದ್ ಹುಸೇನ್ ಅವರಿಗೆ ತನ್ನ ಸಿತಾರಾ-ಎ-ಜುರತ್ ಪದಕವನ್ನು ಯಾವತ್ತೋ ಕೊಟ್ಟಾಗಿತ್ತು. ಒಂದೇ ಕಾಳಗಕ್ಕಾಗಿ ಎದುರುಬದುರಾದ ಇಬ್ಬರಿಗೂ ತಂತಮ್ಮ ದೇಶಗಳ ಶೌರ್ಯಪದಕ ದೊರೆತ ಉದಾಹರಣೆಗಳು ವಿರಳ.

ದೇವಯ್ಯನವರ ಶರೀರದ ಬಗ್ಗೆಯೂ ಸುದ್ದಿ ಬಂದದ್ದು ಗಡಿಯ ಆಚೆಯಿಂದಲೇ. ಹೊಲದಲ್ಲಿ ಬಿದ್ದಿದ್ದ ಅವರ ದೇಹವನ್ನು ಕಂಡ ಅಲ್ಲಿನ ಹಳ್ಳಿಗರು ಅಲ್ಲಿಯೇ ಮಣ್ಣು ಮಾಡಿದರು. ಕೊಡವರಲ್ಲಿ ಪ್ರತಿ ಒಕ್ಕಕ್ಕೂ ಒಂದು ಐನ್‌ಮನೆ, ಅದರ ಸನಿಹದಲ್ಲಿ ಗತಿಸಿದ ಹಿರಿಯರಿಗೆ ಕೈಮಡ ಇರುವುದು ಸಂಪ್ರದಾಯ. ವರ್ಷಕ್ಕೊಮ್ಮೆ ಕಾರಣಂಗ್ ಕೊಡ್‌ಪ ಎಂದು ಕಾರಣವರಿಗೆ ಎಡೆಯಿಟ್ಟು ನೆನೆಯುತ್ತಾರೆ. ಮೃತರಿಗೆ ಅಂತಿಮ ಗೌರವ ಸಲ್ಲಿಸಲು ಊರೇ ನೆರೆಯುತ್ತದೆ. ಅಂಥ ಸಮುದಾಯದ ವ್ಯಕ್ತಿಯೊಬ್ಬರಿಗೆ ಹಿಡಿ ಮಣ್ಣು ಹಾಕಿದವರು ಅವರ ಹೆಸರು, ಊರು, ಭಾಷೆ ಒಂದೂ ಅರಿಯದ ಪಂಜಾಬಿ ರೈತರು. ಅವರು ಶತ್ರುದೇಶದವರು, ಆ ಮುಂಜಾನೆ ತಮ್ಮ ನೆತ್ತಿಯ ಮೇಲೆ ಬಾಂಬು ಬೀಳಬಹುದೆಂದು ಹೆದರಿದ್ದವರು. ಆದರೂ ಸತ್ತವನಿಗೆ ಸಲ್ಲಬೇಕಾದ್ದನ್ನು ಅವರು ಸಲ್ಲಿಸಿದರು.

ಸೆಪ್ಟೆಂಬರ್ 7 ಪಾಕಿಸ್ತಾನದಲ್ಲಿ ವಾಯುಪಡೆಯ ದಿನ. 1965ರ ಆ ದಿನ ಸರ್ಗೋಧಾದ ಮೇಲೆ ನಡೆದ ದಾಳಿಗಳನ್ನು ಎದುರಿಸಿದ ನೆನಪಿಗಾಗಿ ಅಲ್ಲಿ ಅದನ್ನು ಸಡಗರದಿಂದ ಆಚರಿಸುತ್ತಾರೆ. ಅದೇ ದಿನ ಮಡಿಕೇರಿಯಲ್ಲಿ, ದೇವಯ್ಯನವರ ಹೆಸರನ್ನಿಟ್ಟಿರುವ ವೃತ್ತದ ಬಳಿ ಒಂದಷ್ಟು ಜನ ಸೇರಿ ಅವರಿಗೆ ನಮಿಸುವುದು ಇತ್ತೀಚಿನ ವರ್ಷಗಳಲ್ಲಿ ರೂಢಿಗೆ ಬಂದಿದೆ. ಕೊಡಗಿನಲ್ಲಿ ಅದು ಕೈಲ್‌ಪೋಳ್ದ್ ಹಬ್ಬದ ಆಸುಪಾಸು. ನಾಟಿ ಮುಗಿಸಿ, ಕೋವಿ ಕತ್ತಿಗಳನ್ನು ತೊಳೆದು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುವ ಹಬ್ಬ. ಹಬ್ಬದ ಓಡಾಟದ ನಡುವೆ ಆ ವೃತ್ತವನ್ನು ಹಾದುಹೋಗುವ ಎಲ್ಲರಿಗೂ ಆ ಹೆಸರಿನ ಹಿಂದಿನ ಕಥೆ ಗೊತ್ತಿದೆ ಎಂದು ಹೇಳುವಂತಿಲ್ಲ.

2005ರಲ್ಲಿ ಪಿ.ವಿ.ಎಸ್. ಜಗನ್‌ಮೋಹನ್ ಮತ್ತು ಸಮೀರ್ ಚೋಪ್ರಾ ಅವರು 1965ರ ವಾಯುಯುದ್ಧದ ಕುರಿತು ಇಂಗ್ಲಿಷಿನಲ್ಲಿ ಸವಿವರ ಗ್ರಂಥವೊಂದನ್ನು ತಂದಾಗ ಆಸಕ್ತರ ವಲಯದಲ್ಲಿ ದೇವಯ್ಯನವರ ಸಾಹಸ ಇನ್ನಷ್ಟು ಪರಿಚಿತವಾಯಿತು. 2025ರ ಜನವರಿಯಲ್ಲಿ ಬಿಡುಗಡೆಯಾದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಈ ಘಟನೆಯನ್ನೇ ಆಧರಿಸಿದ್ದು. ಅಕ್ಷಯ್ ಕುಮಾರ್ ದಾಳಿಯ ನಾಯಕನ ಪಾತ್ರದಲ್ಲಿ, ವೀರ್ ಪಹಾಡಿಯಾ ಕಾಣೆಯಾದ ವೈಮಾನಿಕನ ಪಾತ್ರದಲ್ಲಿ ಅಭಿನಯಿಸಿದರು. ಆ ಚಿತ್ರದಿಂದ ದೇಶದುದ್ದಗಲಕ್ಕೂ ಲಕ್ಷಾಂತರ ಜನ ಈ ಕಥೆಯನ್ನು ತಿಳಿದರೆಂಬುದು ನಿಜ. ಆದರೆ ಪಾತ್ರದ ಹೆಸರು ಟಿ. ಕೃಷ್ಣ ವಿಜಯ ಎಂದಾಯಿತು. ಅಜ್ಜಮಾಡ ಇಲ್ಲ, ಬೋಪಯ್ಯ ಇಲ್ಲ, ದೇವಯ್ಯ ಇಲ್ಲ, ಕೊಡಗೂ ಇಲ್ಲ. ಸಲುಗೆಯ ಹೆಸರೊಂದೇ ಚೂರು ರೂಪ ಬದಲಿಸಿ ಉಳಿದುಕೊಂಡಿತು. ಕೊಡವರಲ್ಲಿ ಇದರಿಂದ ಅಸಮಾಧಾನ ಉಂಟಾದದ್ದು ಸಹಜ. 23 ವರ್ಷ ಹೆಸರಿದ್ದೂ ಕಥೆ ಇರಲಿಲ್ಲ. ಕಥೆ ಬೆಳ್ಳಿತೆರೆಗೆ ಬಂದಾಗ ಹೆಸರು ಇಲ್ಲವಾಯಿತು.

ದೇವಯ್ಯನವರು ಹಾರಿಸಿದ ಮಿಸ್ಟೇರ್ ವಿಮಾನಗಳು ವಾಯುಪಡೆಯಿಂದ ನಿವೃತ್ತವಾಗಿ ಅರ್ಧ ಶತಮಾನ ಕಳೆದಿದೆ. ಒಂದನೆಯ ಸ್ಕ್ವಾಡ್ರನ್ ಬೇರೆ ವಿಮಾನಗಳೊಂದಿಗೆ ಮುಂದುವರಿದಿದೆ. ಪಶ್ಚಿಮ ಪಂಜಾಬಿನ ಯಾವುದೋ ಹೊಲದಂಚಿನಲ್ಲಿರುವ ಆ ಮಣ್ಣಿನ ಗುಡ್ಡೆಗೆ ಕೊಡಗಿನಿಂದ ಹೋಗಿ ಹೂವಿಟ್ಟು ಬರುವ ಅವಕಾಶ ಇನ್ನೂ ಒದಗಿಲ್ಲ.